ಒಲೆ ಸರಿಸಿದ ಮೇಲೆ

ಆ ಮನೆಯಲ್ಲಿ ಮೊದಲು ಒಡೆದದ್ದು ಒಂದು ಗಾಜಿನ ಲೋಟ. ಅಯ್ಯೋ, ಗಾಜಿನ ಲೋಟ ಯಾರ ಮನೆಯಲ್ಲಿ ಒಡೆಯುವುದಿಲ್ಲ ಹೇಳಿ? ಆದರೆ ಅದಾದ ಮೂರನೇ ದಿನಕ್ಕೆ ಹಾಲಿನ ಪಾತ್ರೆ ಮಗುಚಿತು. ವಾರ ತುಂಬುವುದರೊಳಗೆ ಮೇಜಿನ ಮೇಲಿನ ದೀಪ ಬಿದ್ದು ಚೂರುಚೂರಾಯಿತು. ಅದರ ಬೆನ್ನಿಗೇ ಸೊಸೆಯ ನಿಲುವುಗನ್ನಡಿಗೆ ಮೇಲಿಂದ ಕೆಳಗಿನವರೆಗೂ ಬಿರುಕು ಬಂತು. ಕೆಲಸ ಮುಗಿಸಿ ಬಂದ ಸೊಸೆ ಅದನ್ನು ನೋಡಿ, ಚಪ್ಪಲಿಯನ್ನೂ ಬಿಡದೆ ಹಾಗೇ ನಿಂತುಬಿಟ್ಟಳು.

"ಅತ್ತೆ, ಯಾರು ಮಾಡಿದ್ದು ಇದು?"

"ಯಾರು ಮಾಡ್ತಾರೆ ಕಣಮ್ಮ? ನಾನು ನೋಡೋ ಹೊತ್ತಿಗೆ ಹಾಗೇ ಇತ್ತು."

ಶುದ್ಧ ಸುಳ್ಳು. ನೀರು ತುಂಬಿದ ಬಕೆಟ್ಟನ್ನು ಹೊತ್ತುಕೊಂಡು ಬರುವಾಗ ಅದರ ಅಂಚು ಕನ್ನಡಿಗೆ ಫಟ್ಟನೆ ಬಡಿದದ್ದು ಅತ್ತೆಗೆ ಚೆನ್ನಾಗಿಯೇ ಗೊತ್ತಿತ್ತು. ಲೋಟ, ಹಾಲು, ದೀಪ, ಎಲ್ಲವೂ ಅವಳ ಕೈಯಿಂದಲೇ ಆದದ್ದು. ಹೇಳಲಿಲ್ಲ, ಅಷ್ಟೆ.

ಈ ಅತ್ತೆಯನ್ನು ಬೀದಿಯವರೆಲ್ಲ ಕ್ಯಾಂಟೀನಮ್ಮ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ, ದಿನಕ್ಕೆ ನಾನೂರು ಜನಕ್ಕೆ ಬೇಯಿಸಿ ಹಾಕಿದವಳು. ಉಪ್ಪನ್ನು ಎಂದೂ ಚಮಚದಲ್ಲಿ ಅಳೆದವಳಲ್ಲ. ಈಗ ಅರವತ್ತೇಳು ವಯಸ್ಸು. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಮಗ, ಸೊಸೆಯ ಜೊತೆ ಇದ್ದಳು. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆಗೆ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ಯಾವ ಪೊಟ್ಟಣ ಯಾವ ಬುಟ್ಟಿಗೆ ಎಂಬುದರಲ್ಲಿ ಅವಳ ಕೈ ಎಂದೂ ತಪ್ಪಿದ್ದಿಲ್ಲ.

ಕ್ಯಾಂಟೀನಮ್ಮನ ಕಣ್ಣಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವಳ ನೋಟದ ನಟ್ಟನಡುವೆ ಒಂದು ಮಸಿ ಬಂದು ಕೂತಿತ್ತು. ಯಾವುದನ್ನು ನೇರವಾಗಿ ನೋಡಿದರೂ ಅದರ ಮೇಲೆಯೇ ಆ ಮಸಿ. ಅಂಚಿನಲ್ಲಿ ಮಾತ್ರ ಅಷ್ಟೋ ಇಷ್ಟೋ ಕಾಣುತ್ತಿತ್ತು, ಬಾಗಿಲ ಬೆಳಕು, ಸೊಸೆಯ ಬಟ್ಟೆಯ ಬಣ್ಣ, ಯಾರೋ ಹಾದುಹೋದ ನೆರಳು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಆದರೂ ಮನೆ ನಡೆಯುತ್ತಿತ್ತು. ಯಾಕೆಂದರೆ ಆ ಮನೆ ಅವಳ ಕೈಗೆ ಬಾಯಿಪಾಠವಾಗಿತ್ತು. ಒಲೆ ಎಲ್ಲಿ, ಉಪ್ಪಿನ ಡಬ್ಬಿ ಎಷ್ಟನೆಯದು, ಮಂಚದಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಎಲ್ಲ. ಎಣ್ಣೆ ಕಾಯ್ದದ್ದು ಸದ್ದಿನಿಂದ ತಿಳಿಯುತ್ತಿತ್ತು. ಬೆಳಿಗ್ಗೆ ಕನ್ನಡಕ ಏರಿಸಿ ಪೇಪರ್ ಬಿಡಿಸಿಕೊಂಡು ಕೂತರೆ ಮಗನಿಗೆ ಅನುಮಾನ ಬರುವ ಮಾತೇ ಇರಲಿಲ್ಲ.

ಈಗ ಕೆಲವು ವಾರದಿಂದ ಮಸಿ ದೊಡ್ಡದಾಗಿತ್ತು. ಸಾಮಾನು ಒಡೆಯಲು ಶುರುವಾದದ್ದು ಹಾಗೆ.

ಸೊಸೆಗೆ ಬೇರೆಯೇ ಹೆದರಿಕೆ. ಅವಳಿಗೆ ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿತ್ತು. ಇದಕ್ಕೆ ಮುಂಚೆ ಎರಡು ಸಲ ಬಸುರು ನಿಂತಿತ್ತು, ಎರಡೂ ಸಲ ಕೈಗೆ ಬರಲಿಲ್ಲ. ಮೊದಲನೆಯದು ನಾಲ್ಕರಲ್ಲಿ, ಎರಡನೆಯದು ಐದರಲ್ಲಿ. ಹೀಗಾಗಿ ಈ ಸಲ ಅವಳು ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಎರಡು ಕೈಯಲ್ಲೂ ಕಂಬಿ. ಸೀನು ಬಂದರೂ ಹೊಟ್ಟೆಯ ಮೇಲೆ ಕೈ.

ಕನ್ನಡಿ ಬಿರುಕು ಬಿಟ್ಟ ಮಾರನೇ ಭಾನುವಾರ ಅವಳು ಒಬ್ಬ ಮನುಷ್ಯನನ್ನು ಮನೆಗೆ ಕರೆಸಿದಳು.

ಫೆಂಗ್ ಶೂಯಿ, ಅಂದರೆ ಚೀನಾದ ವಾಸ್ತು, ನೋಡುವವನು. ಮೊದಲು ಅಂಗಡಿಯೊಂದರಲ್ಲಿ ಸೋಫಾ ಮಾರುತ್ತಿದ್ದನಂತೆ, ಈಗ ಸೋಫಾ ಎಲ್ಲಿ ಇಡಬೇಕೆಂದು ಹೇಳುತ್ತಿದ್ದ. ಅಂಗೈಯಗಲದ ದಿಕ್ಸೂಚಿ ಹಿಡಿದು ಕೋಣೆಕೋಣೆ ತಿರುಗಿದ. ಮಗ ಅವನ ಬೆನ್ನ ಹಿಂದೆಯೇ "ದಿಕ್ಕಿನಪ್ಪ" ಎಂದು ಹೆಸರಿಟ್ಟುಬಿಟ್ಟ.

"ಮನೆ ತೂಕ ತಪ್ಪಿದೆಯಮ್ಮ," ಎಂದ ದಿಕ್ಕಿನಪ್ಪ. "ಗಾಳಿ ಬರಬೇಕಾದ ಕಡೆ ಬೀರು. ಮಂಚದ ಕಾಲು ಸೀದಾ ಬಾಗಿಲಿಗೆ. ಇಲ್ಲಿ ಮಲಗಿದವರ ಶಕ್ತಿ ಹೊರಗೆ ಹರಿದುಹೋಗುತ್ತೆ."

ಸೊಸೆಯ ಮುಖ ಬಿಳಿಚಿಕೊಂಡಿತು. "ಅದಕ್ಕೇನಾ ಸಾಮಾನೆಲ್ಲ ಒಡೀತಾ ಇರೋದು?"

"ಒಡೆಯೋದು ಒಂದು ಸೂಚನೆ ಅಷ್ಟೆ. ಅಡುಗೆಮನೆ ನೋಡೋಣ ಬನ್ನಿ." ಅಡುಗೆಮನೆ ನೋಡಿ ಅವನು ಚ್‌ಚ್ ಎಂದು ಲೊಚಗುಟ್ಟಿದ. "ನೋಡಿದ್ರಾ? ಒಲೆ ಪಕ್ಕದಲ್ಲೇ ಸಿಂಕು. ಬೆಂಕಿಗೂ ನೀರಿಗೂ ಇಪ್ಪತ್ತನಾಲ್ಕು ಗಂಟೆ ಜಗಳ. ಹೊಟ್ಟೆಯೊಳಗಿನ ಜೀವಕ್ಕೆ ಇದು ಒಳ್ಳೇದಲ್ಲ. ಒಲೆ ಆ ಗೋಡೆಗೆ ಹೋಗಬೇಕು."

ಕ್ಯಾಂಟೀನಮ್ಮ ಬಂದು ಒಲೆಗೆ ಅಡ್ಡ ನಿಂತಳು.

"ಒಲೆ ಎಲ್ಲಿಗೂ ಹೋಗಲ್ಲ," ಎಂದಳು, ದನಿ ಎತ್ತರಿಸಿ. "ಹನ್ನೊಂದು ವರ್ಷದಿಂದ ಅಲ್ಲೇ ಇದೆ. ಅದೇ ಒಲೆ ಮೇಲೆ ಬೇಯಿಸಿದ್ದು ತಿಂದು ಯಾರೂ ಸತ್ತಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸೊಸೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೋಣೆಗೆ ಹೋದಳು. ದಿಕ್ಕಿನಪ್ಪ ಚೀಟಿಯಲ್ಲಿ ಏನೇನೋ ಬರೆದುಕೊಟ್ಟು ಹೊರಟ.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಹೆಂಡತಿಗೆ ಹತ್ತಿಕೊಂಡಿತು.

"ಲಿಫ್ಟು ಕೆಟ್ಟರೆ ನಾನು ದಿಕ್ಕು ನೋಡ್ತೀನಾ? ಹಗ್ಗ ನೋಡ್ತೀನಿ, ಮೋಟರ್ ನೋಡ್ತೀನಿ," ಎಂದ ಮಗ. "ಲೋಟ ಒಡೆದ್ರೆ ಕೈ ಜಾರಿ ಒಡೆದಿರುತ್ತೆ."

"ಯಾರ ಕೈ? ಹೇಳಿ ನೋಡೋಣ. ನಾನು ಕೆಲಸಕ್ಕೆ ಹೋಗಿದ್ದೆ, ನೀವೂ ಹೋಗಿದ್ರಿ. ಅತ್ತೆ ಮುಟ್ಟೇ ಇಲ್ಲ ಅಂತಾರೆ. ಮತ್ತೆ ಯಾರು?"

ಮಗ ತಾಯಿಯ ಕಡೆ ತಿರುಗಿದ. "ಅಮ್ಮ, ನಿನ್ನ ಕೈಯಿಂದ ಏನಾದ್ರೂ..."

"ನಾನು ನಾನೂರು ಜನಕ್ಕೆ ಬಡಿಸಿದವಳು ಕಣೋ," ಎಂದಳು ಕ್ಯಾಂಟೀನಮ್ಮ. "ಒಂದು ತಟ್ಟೆ ಬೀಳಿಸಿದ್ದು ಯಾರಾದ್ರೂ ನೋಡಿದಾರಾ?"

"ಕೇಳಿಸ್ತಾ?" ಎಂದಳು ಸೊಸೆ. ಅನ್ನಕ್ಕೆ ಕೈ ಹಾಕಿದವಳು ಹಾಗೇ ಅಳಲು ಶುರುಮಾಡಿದಳು. ಮಗ ತಟ್ಟೆ ಸರಿಸಿ ಎದ್ದ. "ಆಯ್ತು ಕಣೇ, ಆಯ್ತು. ಬರೋ ಭಾನುವಾರ ಎಲ್ಲ ಸರಿಸಿಕೊಡ್ತೀನಿ. ನೀನು ಅಳೋದು ನಿಲ್ಸು, ಅಷ್ಟು ಸಾಕು."

ಹೇಳಿದಂತೆ ಸರಿಸಿಯೂ ಕೊಟ್ಟ. ಒಂದೇ ದಿನದಲ್ಲಿ ಮನೆ ತಿರುವುಮುರುವಾಯಿತು. ಒಲೆ ಎದುರು ಗೋಡೆಗೆ, ಗ್ಯಾಸ್ ಪೈಪ್ ಬಾಗಿಲ ಮೇಲಿಂದ. ಡಬ್ಬಿಗಳೆಲ್ಲ ಬೇರೆ ಗೂಡಿಗೆ. ಮಂಚ ಅಡ್ಡಡ್ಡ. ಬೀರು ಹಜಾರಕ್ಕೆ. ಕ್ಯಾಂಟೀನಮ್ಮನ ಸ್ಟೂಲು ಇದ್ದ ಕಡೆ ಒಂದು ಗಾಜಿನ ತೊಟ್ಟಿ, ಅದರಲ್ಲಿ ಎಂಟು ಕೆಂಪು ಮೀನು, ಒಂದು ಕಪ್ಪು.

ಸೋಮವಾರ ಬೆಳಿಗ್ಗೆ ಕ್ಯಾಂಟೀನಮ್ಮ ತನ್ನದೇ ಅಡುಗೆಮನೆಯಲ್ಲಿ ದಾರಿ ತಪ್ಪಿದ ಕೂಸಿನ ಹಾಗೆ ನಿಂತಿದ್ದಳು. ಕೈ ಚಾಚಿದರೆ ಒಲೆ ಇರಬೇಕಾದ ಕಡೆ ತಣ್ಣನೆಯ ಕಲ್ಲು. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಇನ್ನೊಂದು ತೆಗೆದು ಮೂಸಿ, ಟೀ ಆಗುವ ಹೊತ್ತಿಗೆ ಮುಕ್ಕಾಲು ಗಂಟೆ. ಸಕ್ಕರೆಗೂ ಉಪ್ಪಿಗೂ ವಾಸನೆ ಇಲ್ಲ ನೋಡಿ. ಮಗ ಒಂದು ಗುಟುಕು ಕುಡಿದವನು ಹಾಗೇ ಸಿಂಕಿಗೆ ಓಡಿದ.

"ಇದೇನಮ್ಮ, ಸಮುದ್ರದಿಂದ ತಂದ್ಯಾ ನೀರು?"

"ನಿಮ್ಮ ಡಬ್ಬಿಗಳ ತಲೆಬುಡ ನಂಗೊಂದೂ ತಿಳಿಯಲ್ಲ. ಎಲ್ಲ ಮೊದಲಿದ್ದ ಕಡೆ ಇಡಿ ಅಂದೆ, ಕೇಳಿದ್ರಾ?"

"ರೂಢಿ ಆಗುತ್ತೆ ಅತ್ತೆ," ಎಂದಳು ಸೊಸೆ ಮೆಲ್ಲಗೆ. "ನನಗೋಸ್ಕರ ಸ್ವಲ್ಪ ದಿನ."

ಅವಳು ಹಾಗೆ ಮೆಲ್ಲಗೆ ಕೇಳಿಕೊಂಡರೆ ಏನು ಹೇಳುವುದು? ಕ್ಯಾಂಟೀನಮ್ಮ ಮಂಡಿಗೆ ಬೀರು ಬಡಿದು ನೀಲಿಯಾದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸರಿಸಿದ ಒಲೆಯ ಬುಡಕ್ಕೆ ಕೈ ಹೋಗಿ ಬೆರಳು ಸುಟ್ಟಿತು, ಅದನ್ನು ಯಾರಿಗೂ ತೋರಿಸಲಿಲ್ಲ. ಮೊದಲು ವಾರಕ್ಕೊಂದು ಒಡೆಯುತ್ತಿದ್ದದ್ದು ಈಗ ಎರಡು ದಿನಕ್ಕೊಂದು ಒಡೆಯತೊಡಗಿತು. ಬಟ್ಟಲು, ಜಗ್ಗು, ಸೊಸೆಯ ತಾಯಿ ಕೊಟ್ಟಿದ್ದ ಹೂದಾನಿ. ಒಂದೊಂದು ಒಡೆದಾಗಲೂ ಸೊಸೆ ದಿಕ್ಕಿನಪ್ಪನಿಗೆ ಫೋನು ಮಾಡುವಳು, ಅವನು ಇನ್ನೇನನ್ನೋ ಸರಿಸಲು ಹೇಳುವನು. ಸರಿಸಿದಷ್ಟೂ ಅತ್ತೆ ಎಡವಿದಳು, ಎಡವಿದಷ್ಟೂ ಸೊಸೆ ಸರಿಸಿದಳು. ಈ ಗಾಣ ನಿಲ್ಲಿಸುವ ಒಂದು ಮಾತು ಮನೆಯಲ್ಲಿ ಒಬ್ಬಳ ಬಾಯಲ್ಲಿತ್ತು, ಆ ಬಾಯಿಗೆ ಬೀಗ ಬಿದ್ದಿತ್ತು.

ಇಷ್ಟರ ನಡುವೆ ಮಗ ಒಂದು ಎಡವಟ್ಟು ಮಾಡಿದ. ಹೆಂಡತಿಯ ಬಾಯಿ ಮುಚ್ಚಿಸುವ ಉಮೇದಿನಲ್ಲಿ ಫೋನಿನಲ್ಲಿ ಏನನ್ನೋ ಹುಡುಕಿ, ಗಟ್ಟಿಯಾಗಿ ಓದಿಬಿಟ್ಟ.

"ನೋಡು, ನಿನ್ನ ಫೆಂಗ್ ಶೂಯಿನೇ ಹೇಳುತ್ತೆ. ಮನೇಲಿ ಬಸುರಿ ಇರೋವಾಗ ಸಾಮಾನು ಸರಿಸಬಾರದಂತೆ!"

ಗೆದ್ದೆ ಎಂದುಕೊಂಡು ಅವನು ತಲೆ ಎತ್ತಿದರೆ, ಸೊಸೆ ಗೋಡೆಗೆ ಒರಗಿ ಕೂತಿದ್ದಳು, ಉಸಿರಾಡಲೂ ಹೆದರಿದವಳಂತೆ. "ಮತ್ತೆ ನಾವು ಎಲ್ಲಾನೂ ಸರಿಸಿಬಿಟ್ವಲ್ರೀ," ಎಂದಳು. ಮಗ ಆ ದಿನ ಕೆಲಸಕ್ಕೆ ಹೋಗಲಿಲ್ಲ.

ಮಾರನೇ ವಾರ ಮೀನು ಸತ್ತವು. ಬಗ್ಗಿದರೆ ಹೊಟ್ಟೆಗೆ ತೊಂದರೆಯಾದೀತೆಂದು ಮೀನಿಗೆ ಕಾಳು ಹಾಕುವ ಕೆಲಸವನ್ನು ಸೊಸೆ ಅತ್ತೆಗೆ ಒಪ್ಪಿಸಿದ್ದಳು. ಹಾಕಿದ ಕಾಳು ತೇಲುತ್ತಿದೆಯೋ ಮುಗಿಯಿತೋ ಕ್ಯಾಂಟೀನಮ್ಮನಿಗೆ ಕಾಣುತ್ತಿರಲಿಲ್ಲ. ಪಾಪ, ಹಸಿದಿರುತ್ತವೆ ಎಂದು ಇನ್ನೊಂದು ಚಿಟಿಕೆ, ಮತ್ತೊಂದು ಚಿಟಿಕೆ. ನಾನೂರು ಜನಕ್ಕೆ ಬಡಿಸಿದ ಕೈ ಅದು, ಕಡಿಮೆ ಹಾಕಿ ಗೊತ್ತಿಲ್ಲ. ನೀರು ಕೊಳೆತು ನಾರಿತು. ಒಂಬತ್ತರಲ್ಲಿ ಏಳು ಮಗುಚಿಕೊಂಡವು.

"ಮೀನು ಸತ್ತರೆ ಮನೆಯ ಕೇಡನ್ನ ಅದು ತಗೊಂಡು ಹೋಯ್ತು ಅಂತ ಅರ್ಥ ಅತ್ತೆ," ಎಂದಳು ಸೊಸೆ, ಅಂದು ಸಂಜೆ ಬೀನ್ಸಿನ ನಾರು ತೆಗೆಯುತ್ತ. ಇಬ್ಬರೂ ಹಜಾರದ ನೆಲದ ಮೇಲೆ ಕೂತಿದ್ದರು. "ಒಂದು ಸತ್ತರೆ ಒಳ್ಳೇದಂತೆ. ಏಳು! ಒಂದೇ ದಿನ ಏಳು! ಎಷ್ಟು ಕೇಡು ತುಂಬಿಕೊಂಡಿರಬೇಕು ಈ ಮನೇಲಿ?"

ಕ್ಯಾಂಟೀನಮ್ಮ ಬೀನ್ಸು ಮುರಿಯುತ್ತಲೇ ಇದ್ದಳು.

"ನಂಗೆ ತುಂಬಾ ಹೆದರಿಕೆ ಆಗ್ತಿದೆ. ಅವರ ಹತ್ರ ಹೇಳಿದ್ರೆ ಬೈತಾರೆ, ನಿಮ್ಮ ಹತ್ರ ಹೇಳ್ತೀನಿ. ಈ ಮನೆಗೆ ನನ್ನ ಮಗು ಬೇಡ ಅತ್ತೆ. ಹೋದ ಸಲ ಬಚ್ಚಲುಮನೆ ಬಾಗಿಲಲ್ಲಿ ಬಿದ್ದೆನಲ್ಲ, ನಂಗೆ ಅಲ್ಲೇನೂ ಕಾಣಲಿಲ್ಲ. ಚೆನ್ನಾಗಿ ನಡೀತಿದ್ದ ನನ್ನನ್ನ ಯಾರೋ ತಳ್ಳಿದ ಹಾಗಾಯ್ತು. ಬಿದ್ದ ಎರಡನೇ ದಿನಕ್ಕೆ ಹೋಯ್ತು. ಬಿದ್ದಿದ್ದರಿಂದಲೇ ಅಂತ ಹೇಳಕ್ಕಾಗಲ್ಲ ಅಂದ್ರು ಡಾಕ್ಟರು. ಆದ್ರೆ ನಂಗೊತ್ತು. ಈ ಮನೆನೇ ನನ್ನ ತಳ್ಳಿದ್ದು."

ಕ್ಯಾಂಟೀನಮ್ಮ ಬೀನ್ಸು ಕೆಳಗಿಟ್ಟಳು. ಆ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಟ್ಟೆ ಒಗೆದಿದ್ದವಳು ಅವಳೇ. ಸೋಪಿನ ನೀರನ್ನು ಬಾಗಿಲವರೆಗೂ ಬಳಿದು ಹಾಕಿದ್ದಳು. ಪೂರ್ತಿ ಬಳಿದೆನೋ, ಬಾಗಿಲ ಬುಡದಲ್ಲಿ ಒಂದಿಷ್ಟು ಉಳಿಯಿತೋ, ಅವತ್ತೂ ಕಾಣಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಒಂದು ವರ್ಷದಿಂದ ಆ ಯೋಚನೆ ಬಂದಾಗಲೆಲ್ಲ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

"ನೋಡಮ್ಮ," ಎಂದು ಶುರುಮಾಡಿದಳು. ಸೊಸೆ ತಲೆ ಎತ್ತಿದ್ದು ಬಣ್ಣ ಅಲುಗಿದ್ದರಿಂದ ತಿಳಿಯಿತು. ಹೇಳಿಬಿಡಬೇಕು. ಈಗಲೇ.

ಆದರೆ ಅವಳ ಕಣ್ಣಮುಂದೆ ಬಂದದ್ದು ತನ್ನ ಅತ್ತೆ. ಆ ಮುದುಕಿಗೂ ಹೀಗೇ ಕಣ್ಣು ಹೋಗಿತ್ತು. ಗೊತ್ತಾದ ದಿನವೇ ಅವಳ ಕೈಯಿಂದ ಸೌಟು ಕಿತ್ತುಕೊಂಡು, "ಸಾಕು, ನೀವಿನ್ನು ಆ ಮೂಲೇಲಿ ಸುಮ್ಮನೆ ಕೂತ್ಕೊಳ್ಳಿ" ಎಂದವಳು ಯಾರು? ಈ ಕ್ಯಾಂಟೀನಮ್ಮನೇ. ಮುದುಕಿ ಕೂತಳು. ಒಂಬತ್ತು ವರ್ಷ ಚಪ್ಪಲಿ ಗೂಡಿನ ಪಕ್ಕ ಕೂತೇ ಇದ್ದಳು. ಹೊಡೆಯಲಿಲ್ಲ, ಬೈಯಲಿಲ್ಲ, ಹೊತ್ತುಹೊತ್ತಿಗೆ ತಟ್ಟೆ ಮುಂದೆ ಇಟ್ಟರು. ಆದರೆ ಆಮೇಲೆ ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಕುರುಡು ಹೆಂಗಸಿಗೆ ಮನೆಯಲ್ಲಿ ಏನು ಮಾಡುತ್ತಾರೆಂದು ಕ್ಯಾಂಟೀನಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವಳೇ ಮಾಡಿದ್ದಳು.

"ಏನತ್ತೆ?"

"ಏನಿಲ್ಲ. ಬೀನ್ಸು ಬಲಿತಿದೆ ಅಂದೆ."

ಥೂ, ಎಂಥ ಹೆಂಗಸು ನೀನು, ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡಳೇ ಹೊರತು ಸೊಲ್ಲೆತ್ತಲಿಲ್ಲ.

ಸೋಮವಾರ ದಿಕ್ಕಿನಪ್ಪ ಕೊನೆಯ ಮಾತು ಹೇಳಿದ. ಹುಟ್ಟಿದ ವರ್ಷದ ಲೆಕ್ಕ ಹಾಕಿ ನೋಡಿದನಂತೆ, ಸೊಸೆಯದು ಪೂರ್ವದ ಅಂಕಿ, ಮನೆಯದು ಪಶ್ಚಿಮದ್ದು. ಸಾಮಾನು ಸರಿಸಿ ಇನ್ನು ಪ್ರಯೋಜನವಿಲ್ಲ. ಹೆರಿಗೆಯವರೆಗೆ ಅವಳೇ ಆ ಮನೆಯಲ್ಲಿ ಇರಬಾರದು. ಸೊಸೆ ಅಕ್ಕನಿಗೆ ಫೋನು ಮಾಡಿದಳು, ಗುರುವಾರದ ಬಸ್ಸಿಗೆ ಟಿಕೆಟ್ ತೆಗೆಸಿದಳು, ಆಮೇಲೆ ಗಂಡನಿಗೆ ಹೇಳಿದಳು. ಅಕ್ಕನ ಊರಿಗೆ ಹತ್ತು ಗಂಟೆಯ ದಾರಿ.

"ತಲೆ ಕೆಟ್ಟಿದ್ಯಾ ನಿಂಗೆ?" ಮಗ ಕೂಗಾಡಿದ. "ಏಳು ತಿಂಗಳು ತುಂಬೋವರೆಗೆ ದೂರ ಪ್ರಯಾಣ ಬೇಡವೇ ಬೇಡ ಅಂದಿದಾರೆ ಡಾಕ್ಟರು. ಆ ರಸ್ತೇಲಿ ಹತ್ತು ಗಂಟೆ!"

"ಈ ಮನೇಲಿ ಇದ್ದೇ ಎರಡು ಹೋಯ್ತು. ಬಸ್ಸಲ್ಲಿ ಹೋದ್ರೆ ಹೋಗಬಹುದು. ಇಲ್ಲಿದ್ರೆ ಹೋಗೇ ಹೋಗುತ್ತೆ."

"ಅಮ್ಮ, ನೀನಾದ್ರೂ ಹೇಳೇ!"

"ಬಸ್ಸು ಬೇಡಮ್ಮ," ಎಂದಳು ಕ್ಯಾಂಟೀನಮ್ಮ. "ಮನೇಲಿ ಏನೂ ದೋಷ ಇಲ್ಲ."

"ನಿಮಗೆ ಹೇಗೆ ಗೊತ್ತು?"

ಎಂಥ ಪ್ರಶ್ನೆ! ಉತ್ತರ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. "ದೊಡ್ಡೋಳು ಹೇಳ್ತೀನಿ, ಕೇಳು," ಎಂದಳು ಅಷ್ಟೆ. ಅಂಥ ಮಾತಿಗೆ ಸೊಸೆ ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ. ಮಂಗಳವಾರ ಹೇಳುತ್ತೇನೆ ಎಂದುಕೊಂಡಳು ಕ್ಯಾಂಟೀನಮ್ಮ. ಮಂಗಳವಾರ ಸೊಸೆ ಬಟ್ಟೆ ಮಡಚುತ್ತಿದ್ದಳು, ಬುಧವಾರ ಹೇಳುತ್ತೇನೆ ಎಂದುಕೊಂಡಳು. ಬುಧವಾರ ಇಡೀ ದಿನ ಅವಳ ಹಿಂದೆ ಮುಂದೆ ಸುಳಿದಾಡಿದ್ದೇ ಬಂತು.

ಗುರುವಾರ ಬೆಳಕು ಹರಿಯುತ್ತಿದ್ದಂತೆ ಕ್ಯಾಂಟೀನಮ್ಮ ಅಡುಗೆಮನೆಯಲ್ಲಿದ್ದಳು. ಮಗ ಬಸ್ ನಿಲ್ದಾಣಕ್ಕೆ ಹೋಗಲು ಆಟೋ ತರಲೆಂದು ಕೆಳಗೆ ಹೋಗಿದ್ದ. ದಾರಿಗೆ ಕಟ್ಟಿಕೊಡಲು ಆಲೂಗಡ್ಡೆ ಹುರಿಯಬೇಕು. ಬುತ್ತಿ ಕೊಡುವಾಗ ಹೇಳುತ್ತೇನೆ, ಇನ್ನೂ ಹೊತ್ತಿದೆ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಾಣಲೆ ಇಟ್ಟು, ಒಲೆ ಹಚ್ಚುವ ಮೊದಲು ಎಣ್ಣೆಯ ಕ್ಯಾನಿಗೆ ಕೈ ಚಾಚಿದಳು. ಐದು ಲೀಟರಿನ ಕ್ಯಾನು, ನಿನ್ನೆಯಷ್ಟೇ ತಂದದ್ದು. ಕೈ ಅದರ ಕುತ್ತಿಗೆಗೆ ಹೋಗುವ ಬದಲು ಹೊಟ್ಟೆಗೆ ತಾಗಿತು. ಕ್ಯಾನು ಕಟ್ಟೆಯಿಂದ ಧೊಪ್ಪನೆ ಬಿತ್ತು.

ಗಳಗಳ ಎಂದು ಎಣ್ಣೆ ಸುರಿಯುವ ಸದ್ದು. ಕ್ಯಾಂಟೀನಮ್ಮ ಬಗ್ಗಿ ಕೈಯಾಡಿಸಿದಳು. ಕ್ಯಾನು ಉರುಳಿ ಎಲ್ಲೋ ಹೋಗಿತ್ತು, ಕೈಗೆ ಸಿಗಲಿಲ್ಲ. ಸದ್ದು ಒಮ್ಮೆ ಎಡಗಡೆ, ಒಮ್ಮೆ ಬಾಗಿಲ ಕಡೆ ಕೇಳಿದಂತಾಯಿತು. ಪಾದದ ಕೆಳಗೆ ಜಿಡ್ಡು ಹರಿದು ಬಂತು. ನೆಲ ನೋಡಿದಳು, ನೆಲದ ಮೇಲೆ ಮಸಿ. ಅಂಚಿನಿಂದ ನೋಡಿದಳು, ಬೂದು ಬಣ್ಣದ ನೆಲ, ಎಣ್ಣೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು.

"ಅತ್ತೆ? ಏನದು ಬಿದ್ದಿದ್ದು?"

ಸೊಸೆಯ ಕಾಲಸಪ್ಪಳ. ಬರಿಗಾಲು. ಬಿರಬಿರನೆ ಬರುತ್ತಿದ್ದಳು.

ಕ್ಯಾಂಟೀನಮ್ಮ ಎರಡೂ ಕೈ ಬಾಗಿಲ ಕಡೆ ಚಾಚಿದಳು. "ನಿಲ್ಲು!" ಎಂದು ಅರಚಿದಳು. ಕ್ಯಾಂಟೀನಿನಲ್ಲಿ ನಾನೂರು ಜನರ ಗದ್ದಲದ ಮೇಲೆ ಕೂಗುತ್ತಿದ್ದ ಗಂಟಲು ಅದು. "ಅಲ್ಲೇ ನಿಲ್ಲು! ಒಂದು ಹೆಜ್ಜೆ ಇಡಬೇಡ!"

ಕಾಲಸಪ್ಪಳ ನಿಂತಿತು.

"ಎಣ್ಣೆ ಚೆಲ್ಲಿದೀನಿ. ನೆಲದ ಮೇಲೆಲ್ಲ ಎಣ್ಣೆ. ಎಲ್ಲಿವರೆಗೆ ಬಂದಿದೆ ಅಂತ ನಂಗೆ ಕಾಣಿಸ್ತಿಲ್ಲ."

"ಕಾಣಿಸ್ತಿಲ್ಲ ಅಂದ್ರೆ? ನಿಮ್ಮ ಕಾಲ ಬುಡದಲ್ಲೇ ಇದೆಯಲ್ಲ."

"ಕಾಣಿಸ್ತಿಲ್ಲ ಅಂದ್ರೆ ಕಾಣಿಸ್ತಿಲ್ಲ ಕಣೇ! ನಿನ್ನ ಮುಖಾನೂ ಕಾಣಿಸ್ತಿಲ್ಲ. ಎರಡು ವರ್ಷ ಆಯ್ತು." ಕ್ಯಾಂಟೀನಮ್ಮ ಕಟ್ಟೆ ಹಿಡಿದು ನಿಂತಳು. "ನಿನ್ನ ಕಾಲ ಹತ್ರ ಇದೆಯಾ? ನೋಡಿ ಹೇಳು. ಬೇಗ ಹೇಳು."

ಸೊಸೆಯ ಧ್ವನಿ, ಬಾವಿಯೊಳಗಿಂದ ಬಂದಂತೆ. "ಹೊಸಿಲು ದಾಟಿದೆ. ನನ್ನ ಹೆಬ್ಬೆರಳಿಗೆ ಒಂದು ಗೇಣು."

"ಹಿಂದೆ ಹೋಗು. ಗೋಡೆ ಹಿಡ್ಕೊಂಡು ಹೋಗು. ಕುರ್ಚಿ ಮೇಲೆ ಕೂತ್ಕೋ."

ಸೊಸೆ ಹಿಂದೆ ಸರಿದು ಕೂತಳು. ಕ್ಯಾಂಟೀನಮ್ಮ ಮಂಡಿಯೂರಿ, ಕಟ್ಟೆಯ ಮೇಲಿದ್ದ ಬಟ್ಟೆ ಎಳೆದುಕೊಂಡು ನೆಲ ಒರೆಸಲು ತೊಡಗಿದಳು. ಎಲ್ಲಿ ಒರೆಸಬೇಕೆಂದು ತಿಳಿಯಲಿಲ್ಲ, ಒಣ ನೆಲವನ್ನೇ ಒರೆಸುತ್ತಿದ್ದಳು.

"ಅಲ್ಲಲ್ಲ," ಎಂದಳು ಸೊಸೆ ಕುರ್ಚಿಯಿಂದ. "ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಈಗ ಮುಂದಕ್ಕೆ. ಕ್ಯಾನು ಸಿಂಕಿನ ಕೆಳಗೆ ಹೋಗಿದೆ, ಬಲಗೈ ಚಾಚಿ. ಸಿಕ್ತಾ? ನೆಟ್ಟಗೆ ನಿಲ್ಲಿಸಿ ಮೊದಲು."

ಇವಳು ಹೇಳುವುದು, ಅವಳು ಒರೆಸುವುದು. ಎರಡು ಟವೆಲು, ಒಂದು ಹಳೆಯ ಬೆಡ್‌ಶೀಟು ನೆಂದು ಹೋದವು. ಆಮೇಲೆ ಸೋಪಿನ ಪುಡಿ. ನೆಲ ಮುಗಿಯುವ ಹೊತ್ತಿಗೆ ಸೊಸೆ ಕೇಳಿದಳು.

"ಕನ್ನಡಿ?"

"ನಾನೇ."

"ದೀಪ? ನಮ್ಮಮ್ಮನ ಹೂದಾನಿ?"

"ಎಲ್ಲಾ ನಾನೇ."

"ಮೀನು?"

"ಕಾಳು ಜಾಸ್ತಿ ಹಾಕಿದೆ. ಕಾಣ್ತಿರಲಿಲ್ಲ."

"ನಾನು ಈ ಮನೆಗೆ ಹೆದರಿ ಬಸ್ಸು ಹತ್ತೋಳಿದ್ದೆ," ಎಂದಳು ಸೊಸೆ. ಧ್ವನಿ ಏರಿತು. "ಡಾಕ್ಟರು ಬೇಡ ಅಂದ ಬಸ್ಸು! ಅದೂ ಗೊತ್ತಿತ್ತಲ್ಲ ನಿಮಗೆ? ನಾನು ದಿನಾ ಅಳೋದು ಕೇಳಿಸ್ತಿತ್ತಲ್ಲ? ಕಿವಿ ಚೆನ್ನಾಗಿದೆಯಲ್ಲ ನಿಮಗೆ!"

"ಕೇಳಿಸ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಮೂಲೇಲಿ ಕೂರಿಸ್ತೀರ ಅಂತ ಹೆದರಿಕೆ ಆಯ್ತು."

ಸೊಸೆ ನಕ್ಕಳೋ ಬಿಕ್ಕಿದಳೋ ತಿಳಿಯಲಿಲ್ಲ. ಕೆಳಗೆ ಆಟೋದ ಹಾರ್ನು ಎರಡು ಸಲ ಕೂಗಿತು. ಯಾರೂ ಏಳಲಿಲ್ಲ.

"ಇನ್ನೊಂದು ಕೇಳ್ತೀನಿ," ಎಂದಳು ಸೊಸೆ. "ಹೋದ ವರ್ಷ. ಬಚ್ಚಲುಮನೆ ಬಾಗಿಲು. ಅದು?"

ಕ್ಯಾಂಟೀನಮ್ಮನಿಗೆ ಗೊತ್ತಿತ್ತು, ಇದು ಬಂದೇ ಬರುತ್ತದೆ ಎಂದು. ಎಣ್ಣೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಡಿಯ ಮೇಲೆಯೇ ಕೂತಿದ್ದಳು. ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಆ ಹುಡುಗಿ ನಂಬುತ್ತಿದ್ದಳು, ನಂಬಲೇಬೇಕಾಗಿತ್ತು ಅವಳಿಗೆ.

"ಬೆಳಿಗ್ಗೆ ಬಟ್ಟೆ ಒಗೆದಿದ್ದೆ. ನೀರು ಬಳಿದಿದ್ದೆ. ಪೂರ್ತಿ ಬಳಿದ್ನೋ ಇಲ್ವೋ, ಆಗಲೂ ನಂಗೆ ಸರಿಯಾಗಿ ಕಾಣ್ತಿರಲಿಲ್ಲ. ಗೊತ್ತಿಲ್ಲಮ್ಮ. ಸತ್ಯವಾಗಿ ಗೊತ್ತಿಲ್ಲ."

ಮೆಟ್ಟಿಲ ಮೇಲೆ ಮಗನ ಬೂಟಿನ ಸದ್ದು. "ಆಟೋ ಕಾಯ್ತಿದೆ, ಬ್ಯಾಗ್ ಎಲ್ಲಿ?" ಎನ್ನುತ್ತ ಒಳಬಂದವನು ಇಬ್ಬರನ್ನೂ ನೋಡಿ ಅಲ್ಲೇ ನಿಂತ. ಸೊಸೆ ಅವನಿಗೆ, "ಕಳಿಸಿಬಿಡಿ, ನಾನು ಹೋಗಲ್ಲ" ಎಂದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಸೊಸೆ ಅತ್ತೆಯ ಜೊತೆ ಮಾತಾಡಲಿಲ್ಲ. ಮಗ ಮೊದಲ ದಿನ ತಾಯಿಯ ಮೇಲೆ ಕೂಗಾಡಿದ, ಎರಡನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ನೋಡೋಣ ಎಂದರು ಅವರು. ಊಟಕ್ಕೆ ಮೂವರೂ ಒಟ್ಟಿಗೆ ಕೂರುತ್ತಿದ್ದರು. ಕ್ಯಾಂಟೀನಮ್ಮನಿಗೆ ಹೆದರಿಕೆಯೇನೂ ಕಡಿಮೆಯಾಗಲಿಲ್ಲ, ಯಾವಾಗ ಎದ್ದು ಮೂಲೆಗೆ ಹೋಗೆನ್ನುತ್ತಾರೋ ಎಂದು ಕಾಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ನಾನು ಇದನ್ನ ಮರೆಯೋದಿಲ್ಲ ಅತ್ತೆ," ಎಂದಳು. "ಕ್ಷಮಿಸ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಈಗ ಅದರ ಮಾತು ಬೇಡ. ನಂಗೆ ಇನ್ನೂ ನಾಲ್ಕು ತಿಂಗಳಿದೆ. ಮಲಗಿದ್ರೆ ಎದ್ದು ಬರಕ್ಕೆ ಹೆದರಿಕೆ, ಎದ್ರೆ ಕಾಲಿಡಕ್ಕೆ ಹೆದರಿಕೆ. ಹೀಗೆ ನಂಗೆ ಬದುಕೋಕೆ ಆಗಲ್ಲ. ಅದಕ್ಕೆ ಏನೇ ಚೆಲ್ಲಿದ್ರೂ ಕೂಗಬೇಕು ನೀವು. ಒಂದು ಹನಿ ಆದ್ರೂ ಸರಿ. ಯಾರಿದ್ರೂ ಸರಿ, ನೆಂಟರು ಬಂದು ಕೂತಿದ್ರೂ ಸರಿ. ಮುಚ್ಚಿಡಬಾರದು."

"ಕೂಗ್ತೀನಿ."

"ಆಣೆ ಮಾಡಿ."

"ನಿನ್ನ ಮಗುವಿನಾಣೆ ಕಣಮ್ಮ."

"ಅದರ ಮೇಲೆ ಬೇಡ," ಎಂದಳು ಸೊಸೆ ಥಟ್ಟನೆ. "ನಿಮ್ಮ ಮೇಲೆ ಮಾಡಿ."

ಕ್ಯಾಂಟೀನಮ್ಮ ತನ್ನ ಮೇಲೆ ಆಣೆ ಮಾಡಿದಳು.

ಸಂಜೆ ನಾಲ್ಕರ ಸುಮಾರಿಗೆ ಕೆಳಗಿನ ಮನೆಯ ಟೀಚರಮ್ಮ ಬಂದು ಹಜಾರದಲ್ಲಿ ಕೂತಿದ್ದಳು. ಸೊಸೆ ಕೋಣೆಯಲ್ಲಿ ಮಲಗಿದ್ದಳು. ಟೀಚರಮ್ಮನಿಗೆ ಟೀ ಮಾಡಲು ಹೋದ ಕ್ಯಾಂಟೀನಮ್ಮ ಪಾತ್ರೆಗೆ ನೀರು ಹಿಡಿದು ತಿರುಗುವಾಗ ಅದು ತುಳುಕಿತು. ಒಂದು ಹಿಡಿಯಷ್ಟು ನೀರು ಇರಬಹುದು. ಬಟ್ಟೆ ಕೈಗೆಟುಕುವಲ್ಲಿಯೇ ಇತ್ತು. ಟೀಚರಮ್ಮ ಕೇಳುತ್ತಾಳೆ, ನಾಳೆ ಇಡೀ ಬೀದಿಗೆ ಗೊತ್ತಾಗುತ್ತದೆ, ಕ್ಯಾಂಟೀನಮ್ಮ ಕುರುಡಿ ಎಂದು. ಅವಳು ಬಟ್ಟೆಯ ಕಡೆ ಕೈ ಚಾಚಿ, ಹಿಂದಕ್ಕೆ ತೆಗೆದಳು.

"ನೀರು ಚೆಲ್ಲಿದೀನಿ!" ಎಂದು ಕೂಗಿದಳು.

ಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಎಲ್ಲಿ?"

"ಗೊತ್ತಿಲ್ಲ. ಕಾಣಿಸ್ತಿಲ್ಲ."

"ಬಂದೆ. ನೀವು ಅಲುಗಾಡಬೇಡಿ, ಅಲ್ಲೇ ನಿಂತಿರಿ."

ಕ್ಯಾಂಟೀನಮ್ಮ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.